ಸ್ಪರ್ಧೆಯ ಕಾರನ್ನು ತಡೆಯುವ ಅಧಿಕಾರ ತಪಾಸಕರಿಗಿರಲಿ: ಕಾಸರಗೋಡಿನ ಜಿಲ್ಲಾಡಳಿತಕ್ಕೂ ಸಂಘಟಕರಿಗೂ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ, ಜಿಲ್ಲಾ ಪೊಲೀಸ್ ಮುಖ್ಯಸ್ಥರಿಗೆ, ಮೋಟಾರು ವಾಹನ ಇಲಾಖೆಯ ಅಧಿಕಾರಿಗಳಿಗೆ, ಗ್ರಾಮ ಪಂಚಾಯತುಗಳ ಅಧ್ಯಕ್ಷರಿಗೆ ಮತ್ತು ನಮ್ಮ ಜಿಲ್ಲೆಯಲ್ಲಿ ಕಾರು ಸ್ಪರ್ಧೆಗಳನ್ನು ನಡೆಸುವ ಎಲ್ಲ ಸಂಘಟಕ ಮಿತ್ರರಿಗೆ ಗೌರವಪೂರ್ವಕ ನಮಸ್ಕಾರಗಳು.

ಮಳೆ ನಿಂತು ಪದವುಗಳ, ಅಂದರೆ ಗುಡ್ಡದ ಮೇಲಿನ ಬಯಲುಗಳ, ಹುಲ್ಲು ಒಣಗುತ್ತ ಬಂದಂತೆ ನಮ್ಮಲ್ಲಿ ಕಾರು ಸ್ಪರ್ಧೆಗಳ ಕಾಲ ಆರಂಭವಾಗುತ್ತದೆ. ಮುರಕಲ್ಲಿನ ಪದವಿನ ಮೇಲೆ ಹಗ್ಗ ಕಟ್ಟಿ ನಡೆಸುವ ಆಟೋಕ್ರಾಸ್ ಇರಬಹುದು, ಕಲ್ಲು ಕಡಿದು ಬಿಟ್ಟ ಕೋರೆಯಲ್ಲಿ ಜೀಪುಗಳ ಓಟ ಇರಬಹುದು, ರಬ್ಬರ್ ತೋಟಗಳ ನಡುವೆ ಏರಿ ಹೋಗುವ ರಸ್ತೆಯನ್ನು ಕೆಲವು ಗಂಟೆ ಮುಚ್ಚಿ ನಡೆಸುವ ಹಿಲ್ ಕ್ಲೈಂಬ್ ಅಥವಾ ಸಣ್ಣ ರ‍್ಯಾಲಿ ಇರಬಹುದು. ಎಲ್ಲದಕ್ಕೂ ಊರು ನೆರೆಯುತ್ತದೆ, ಮಕ್ಕಳು ಮರದ ಮೇಲೆ ಹತ್ತಿ ಕೂರುತ್ತಾರೆ, ಗಡಿಯಾಚೆಯ ಪುತ್ತೂರು, ವಿಟ್ಲ, ಮಂಗಳೂರುಗಳಿಂದಲೂ ಸ್ಪರ್ಧಿಗಳು ಬರುತ್ತಾರೆ. ನಾನು ವೃತ್ತಿಯಿಂದ ಮೆಕ್ಯಾನಿಕ್. ಬದಿಯಡ್ಕ ಪರಿಸರದಲ್ಲಿ ಗ್ಯಾರೇಜು ನಡೆಸುತ್ತೇನೆ, ಮತ್ತು ಇಂತಹ ಸ್ಪರ್ಧೆಗಳಲ್ಲಿ ಕಾರು ಓಡುವ ಮೊದಲು ಅದನ್ನು ಪರೀಕ್ಷಿಸುವ ಕೆಲಸವನ್ನು, ಸ್ಪರ್ಧಿಗಳು ‘ಸ್ಕ್ರೂಟಿನಿ’ ಎಂದು ಕರೆಯುವ ತಾಂತ್ರಿಕ ತಪಾಸಣೆಯನ್ನು, ಸಂಬಳವಿಲ್ಲದೆ ಮಾಡುತ್ತ ಬಂದಿದ್ದೇನೆ. ಈ ಪತ್ರದಲ್ಲಿ ನಾನು ಕೇಳುತ್ತಿರುವುದು ಒಂದೇ: ತಪಾಸಣೆ ಮಾಡಿದ ಸ್ವಯಂಸೇವಕನು ಒಂದು ಕಾರನ್ನು ಓಡಿಸಕೂಡದು ಎಂದು ಬರೆದುಕೊಟ್ಟರೆ, ಆ ದಿನ ಆ ಕಾರು ಓಡಕೂಡದು, ಸಂಘಟಕರಾಗಲಿ, ಪ್ರಾಯೋಜಕರಾಗಲಿ, ಊರಿನ ಪ್ರಮುಖರಾಗಲಿ ಆ ತೀರ್ಮಾನವನ್ನು ಬದಲಿಸಲಾಗದಂತೆ ಅದನ್ನು ಅನುಮತಿ ಪತ್ರದಲ್ಲಿಯೇ ಷರತ್ತಾಗಿ ಸೇರಿಸಬೇಕು.

ಮೊದಲಿಗೆ ಒಂದು ತಪ್ಪು ತಿಳಿವಳಿಕೆಯನ್ನು ದೂರಮಾಡಬೇಕಾಗಿದೆ. ಸ್ಪರ್ಧೆಗೆ ಅನುಮತಿ ಕೊಡುವಾಗ ಅಧಿಕಾರಿಗಳು ವಾಹನಗಳ ಆರ್‌ಸಿ, ವಿಮೆ, ಹೊಗೆ ತಪಾಸಣೆಯ ಪ್ರಮಾಣಪತ್ರಗಳನ್ನು ಕೇಳುತ್ತಾರೆ, ಮತ್ತು ಅವೆಲ್ಲ ಸರಿಯಿದ್ದರೆ ವಾಹನವೂ ಸರಿಯಿದೆ ಎಂದು ಭಾವಿಸುತ್ತಾರೆ. ಆದರೆ ಈ ಕಾಗದಗಳು ಹೇಳುವುದು ಸಾಮಾನ್ಯ ವೇಗದಲ್ಲಿ, ಸಾಮಾನ್ಯ ರಸ್ತೆಯಲ್ಲಿ ಓಡುವ ಕಾರಿನ ಸಂಗತಿಯನ್ನು ಮಾತ್ರ. ತಿರುವಿನಲ್ಲಿ ಜಾರಿ ಮಗುಚಿ ಬಿದ್ದಾಗ ಛಾವಣಿ ಚಾಲಕನ ತಲೆಯ ಮೇಲೆ ಕುಸಿಯುತ್ತದೆಯೇ, ಬೆಲ್ಟಿನ ಬೋಲ್ಟು ನೆಲದ ತಗಡನ್ನು ಹರಿದುಕೊಂಡು ಹೊರಬರುತ್ತದೆಯೇ, ಬ್ಯಾಟರಿಯ ಕಿಡಿ ಪೆಟ್ರೋಲಿಗೆ ತಗಲುತ್ತದೆಯೇ ಎಂಬ ಪ್ರಶ್ನೆಗಳಿಗೆ ಯಾವ ಆರ್‌ಸಿಯಲ್ಲಿಯೂ ಉತ್ತರವಿಲ್ಲ. ವಿಮೆಯ ವಿಷಯವಂತೂ ಇನ್ನೂ ಸ್ಪಷ್ಟ. ನಮ್ಮ ದೇಶದ ಸಾಮಾನ್ಯ ಮೋಟಾರು ವಿಮಾ ಪಾಲಿಸಿಗಳು ಸಂಘಟಿತ ಓಟದ ಸ್ಪರ್ಧೆ ಮತ್ತು ವೇಗದ ಪರೀಕ್ಷೆಯಂತಹ ಬಳಕೆಯನ್ನು ಹೊರಗಿಟ್ಟೇ ಬರೆದವು. ಆದ್ದರಿಂದ ಅರ್ಜಿಯ ಜೊತೆ ಲಗತ್ತಿಸಿದ ಆ ಪಾಲಿಸಿಯ ನಕಲು ಸ್ಪರ್ಧೆಯ ಮೈದಾನದಲ್ಲಿ ಯಾರನ್ನೂ ಕಾಯುವುದಿಲ್ಲ.

ಕಾನೂನು ಏನು ಹೇಳುತ್ತದೆ ಎಂಬುದು ತಮಗೆ ನನಗಿಂತ ಚೆನ್ನಾಗಿ ಗೊತ್ತು. 1988ರ ಮೋಟಾರು ವಾಹನ ಕಾಯ್ದೆಯ 189ನೇ ಸೆಕ್ಷನ್ ಪ್ರಕಾರ ರಾಜ್ಯ ಸರಕಾರದ ಲಿಖಿತ ಒಪ್ಪಿಗೆಯಿಲ್ಲದೆ ಸಾರ್ವಜನಿಕ ಸ್ಥಳದಲ್ಲಿ ಓಟದ ಸ್ಪರ್ಧೆ ನಡೆಸಲು ಬಿಡುವುದೂ ಅದರಲ್ಲಿ ಭಾಗವಹಿಸುವುದೂ ಅಪರಾಧ. 2019ರ ತಿದ್ದುಪಡಿಯ ನಂತರ ಮೊದಲ ಸಲದ ತಪ್ಪಿಗೆ ಮೂರು ತಿಂಗಳವರೆಗೆ ಸೆರೆ ಅಥವಾ 5,000 ರೂಪಾಯಿವರೆಗೆ ದಂಡ ಅಥವಾ ಎರಡೂ, ಮತ್ತೆ ಮಾಡಿದರೆ ಒಂದು ವರ್ಷದವರೆಗೆ ಸೆರೆ ಅಥವಾ 10,000 ರೂಪಾಯಿವರೆಗೆ ದಂಡ ಅಥವಾ ಎರಡೂ. ಅಂದರೆ ರಸ್ತೆ ಮುಚ್ಚಿ ನಡೆಸುವ ಸ್ಪರ್ಧೆಗೆ ಲಿಖಿತ ಒಪ್ಪಿಗೆ ಬೇಕೇ ಬೇಕು, ಮತ್ತು ಒಪ್ಪಿಗೆ ಕೊಡುವವರಿಗೆ ಷರತ್ತು ಹಾಕುವ ದಾರಿಯೂ ತೆರೆದಿದೆ. ಧ್ವನಿವರ್ಧಕಕ್ಕೆ, ವಾಹನ ನಿಲುಗಡೆಗೆ, ಆಂಬುಲೆನ್ಸಿಗೆ ಷರತ್ತು ಹಾಕುತ್ತಾರೆ. ಓಡುವ ಕಾರಿಗೆ ಮಾತ್ರ ಯಾವ ಷರತ್ತೂ ಇರುವುದಿಲ್ಲ. ಭಾರತದಲ್ಲಿ ಮೋಟಾರು ಕ್ರೀಡೆಯ ರಾಷ್ಟ್ರೀಯ ಸಂಸ್ಥೆಯಾದ ಎಫ್‌ಎಂಎಸ್‌ಸಿಐ ತನ್ನ ಪರವಾನಗಿಯ ಸ್ಪರ್ಧೆಗಳಿಗೆ ತಪಾಸಕರನ್ನು ನೇಮಿಸುತ್ತದೆ, ಅಲ್ಲಿ ನಿಯಮವೂ ಇದೆ, ಶಿಸ್ತೂ ಇದೆ. ನನ್ನ ಚಿಂತೆ ಆ ಪರವಾನಗಿಯ ತನಕ ಹೋಗದೆ ಪಂಚಾಯತ್ ಮತ್ತು ಠಾಣೆಯ ಒಪ್ಪಿಗೆಯಲ್ಲಿಯೇ ನಡೆದುಹೋಗುವ ಊರಿನ ಸ್ಪರ್ಧೆಗಳ ಬಗ್ಗೆ.

ತಪಾಸಣೆ ಎಂದರೆ ಬಾನೆಟ್ ಎತ್ತಿ ನೋಡಿ ಸ್ಟಿಕ್ಕರ್ ಅಂಟಿಸುವುದು ಎಂಬ ಭಾವನೆ ಇರುವುದರಿಂದ, ನಾವು ನಿಜವಾಗಿ ಏನನ್ನು ನೋಡುತ್ತೇವೆ, ನಮ್ಮ ಜಿಲ್ಲೆಯ ಕಾರುಗಳಲ್ಲಿ ಏನು ಕಾಣುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಲು ಅಪ್ಪಣೆ ಕೋರುತ್ತೇನೆ.

ನಮ್ಮ ಕಾರುಗಳ ಮೊದಲ ಶತ್ರು ತುಕ್ಕು. ಸಮುದ್ರದ ಉಪ್ಪುಗಾಳಿ, ನಾಲ್ಕೈದು ತಿಂಗಳ ಮಳೆ, ಬಾಗಿಲ ಕೆಳಗಿನ ಸಿಲ್‌ನ ನೀರು ಹರಿಯುವ ತೂತುಗಳಲ್ಲಿ ತುಂಬಿ ಗಟ್ಟಿಯಾಗುವ ಕೆಮ್ಮಣ್ಣು, ಇವೆಲ್ಲ ಸೇರಿ ಹಳೆಯ ಮಾರುತಿ 800, ಎಸ್ಟೀಮ್, ಜಿಪ್ಸಿಗಳ ನೆಲದ ತಗಡನ್ನು ಒಳಗಿಂದೊಳಗೇ ತಿಂದುಹಾಕುತ್ತವೆ. ಮೇಲೆ ಹೊಸ ಬಣ್ಣ, ಒಳಗೆ ಹೊಸ ರೋಲ್ ಕೇಜ್ (ಕಾರು ಮಗುಚಿದಾಗ ಚಾಲಕನನ್ನು ಕಾಯುವ ಉಕ್ಕಿನ ಕೊಳವೆಗಳ ಚೌಕಟ್ಟು), ನೋಡಲು ಬಹಳ ಚೆಂದ. ಮ್ಯಾಟ್ ಎತ್ತಿ, ಕೇಜಿನ ಕಾಲು ಕೂತ ಜಾಗದ ಪಕ್ಕದಲ್ಲಿ ಸ್ಕ್ರೂಡ್ರೈವರಿನ ತುದಿಯನ್ನು ಒತ್ತಿದರೆ ಅದು ತಗಡಿನ ಆಚೆಗೆ ಇಳಿದುಬಿಡುತ್ತದೆ. ಕಾರು ಮಗುಚಿದಾಗ ಅದರ ಪೂರ್ತಿ ಭಾರ ಬೀಳುವುದು ಆ ಕಾಲುಗಳ ಮೇಲೆ. ನೆಲವೇ ಗಟ್ಟಿಯಿಲ್ಲದಿದ್ದರೆ ಕೇಜ್ ಚಾಲಕನನ್ನು ಕಾಯುವ ಬದಲು ನೆಲವನ್ನು ಸೀಳಿಕೊಂಡು ಕೆಳಗಿಳಿಯುತ್ತದೆ, ಛಾವಣಿ ಅವನ ತಲೆಯ ಮೇಲೆ ಬರುತ್ತದೆ. ಆದ್ದರಿಂದಲೇ ಮೋಟಾರು ಕ್ರೀಡೆಯ ಅಂತಾರಾಷ್ಟ್ರೀಯ ಸಂಸ್ಥೆಯಾದ ಎಫ್‌ಐಎ ತನ್ನ ನಿಯಮಗಳಲ್ಲಿ ಬೋಲ್ಟ್ ಹಾಕಿ ಕೂರಿಸುವ ಕೇಜಿನ ಕಮಾನುಗಳ ಪ್ರತಿ ಕಾಲಿಗೆ ಕನಿಷ್ಠ 3 ಮಿಲಿಮೀಟರ್ ದಪ್ಪದ, 120 ಚದರ ಸೆಂಟಿಮೀಟರ್ ವಿಸ್ತೀರ್ಣದ ಉಕ್ಕಿನ ಬಲಪಟ್ಟಿಯನ್ನು ಕೇಳುತ್ತದೆ. ಚಾಲಕನ ಬೆನ್ನ ಹಿಂದೆ ನಿಲ್ಲುವ ಮುಖ್ಯ ಕಮಾನಿಗೆ ತಣ್ಣಗೆ ಎಳೆದ ಬೆಸುಗೆಯಿಲ್ಲದ ಉಕ್ಕಿನ ಕೊಳವೆ ಬೇಕು; ಅದರ ಅಳತೆ 45 ಮಿಲಿಮೀಟರ್ ವ್ಯಾಸಕ್ಕೆ 2.5 ಮಿಲಿಮೀಟರ್ ದಪ್ಪ, ಅಥವಾ 50ಕ್ಕೆ 2. ನಮ್ಮಲ್ಲಿ ಎಷ್ಟೋ ಕೇಜುಗಳು ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಜಿಐ ನೀರಿನ ಪೈಪಿನಿಂದ ಆದವು. ಆ ಪೈಪಿಗೆ ಉದ್ದಕ್ಕೂ ಬೆಸುಗೆಯ ಒಂದು ಗೆರೆಯಿರುತ್ತದೆ, ಪೆಟ್ಟು ಬಿದ್ದಾಗ ಅದು ಬಿರಿಯುವುದು ಅಲ್ಲಿಯೇ. ಮೇಲಿನ ಸತುವಿನ ಲೇಪವನ್ನು ತೆಗೆಯದೆ ವೆಲ್ಡಿಂಗ್ ಮಾಡಿದರೆ ಜೋಡಣೆಯೂ ಟೊಳ್ಳಾಗುತ್ತದೆ. ಬಣ್ಣ ಬಳಿದ ಮೇಲೆ ಒಳ್ಳೆಯ ಕೊಳವೆಯನ್ನೂ ಈ ಪೈಪನ್ನೂ ಕಣ್ಣಿನಿಂದ ಬೇರೆ ಮಾಡಲಾಗದು. ಅಮೆರಿಕದ ಹವ್ಯಾಸಿ ಸ್ಪರ್ಧೆಗಳ ನಿಯಮದಲ್ಲಿ ಕೊಳವೆಯ ದಪ್ಪವನ್ನು ಅಳೆಯುವುದಕ್ಕೆಂದೇ ಸುಮಾರು 5 ಮಿಲಿಮೀಟರಿನ ಒಂದು ರಂಧ್ರವನ್ನು ಕೊರೆದಿಡಬೇಕೆಂದು ಹೇಳಿದ್ದಾರೆ; ಖರ್ಚಿಲ್ಲದ ಈ ಕ್ರಮವನ್ನು ನಾವೂ ನಾಳೆಯೇ ತರಬಹುದು.

ಎರಡನೆಯದು ಬೆಲ್ಟು. ನಾಲ್ಕು ಅಥವಾ ಆರು ಪಟ್ಟಿಗಳ ಹಾರ್ನೆಸನ್ನು ಸಾವಿರಾರು ರೂಪಾಯಿ ಕೊಟ್ಟು ತಂದ ಯುವಕರು ಅದರ ಭುಜದ ಪಟ್ಟಿಗಳನ್ನು ಸೀಟಿನ ಹಿಂದೆಯೇ ನೇರವಾಗಿ ಕೆಳಗೆ ನೆಲಕ್ಕೆ ಬಿಗಿಯುತ್ತಾರೆ, ಏಕೆಂದರೆ ಅಲ್ಲಿ ಬೋಲ್ಟ್ ಹಾಕುವುದು ಸುಲಭ. ಢಿಕ್ಕಿಯಾದಾಗ ಹಾಗೆ ಬಿಗಿದ ಪಟ್ಟಿ ದೇಹವನ್ನು ಹಿಂದಕ್ಕೆ ಹಿಡಿಯುವುದರ ಜೊತೆಗೆ ಭುಜವನ್ನು ಕೆಳಕ್ಕೆ ಜಗ್ಗುತ್ತದೆ, ಬೆನ್ನುಮೂಳೆ ಆ ಒತ್ತಡವನ್ನು ತಾಳಬೇಕಾಗುತ್ತದೆ. ಭುಜದಿಂದ ಹಿಂದಕ್ಕೆ ಹೋಗುವ ಪಟ್ಟಿಯ ಇಳಿಜಾರು ಅಡ್ಡಗೆರೆಯಿಂದ 45 ಡಿಗ್ರಿ ಮೀರಬಾರದು, 10 ಡಿಗ್ರಿಯೊಳಗಿದ್ದರೆ ಉತ್ತಮ ಎಂಬುದು ಎಫ್‌ಐಎ ನಿಯಮ. ಮೊಬೈಲಿನಲ್ಲಿಯೇ ಕೋನ ಅಳೆಯುವ ಸೌಲಭ್ಯ ಇರುವ ಈ ಕಾಲದಲ್ಲಿ ಇದನ್ನು ನೋಡುವುದಕ್ಕೆ ಅರ್ಧ ನಿಮಿಷ ಸಾಕು. ಸ್ಪರ್ಧಿಗೆ ಇದನ್ನು ಬಿಡಿಸಿ ಹೇಳಿದರೆ ಅವನು ಜಗಳಕ್ಕೆ ಬರುವುದಿಲ್ಲ, ತಾನೇ ಬಿಚ್ಚಿ ಸರಿಮಾಡಲು ಹೊರಡುತ್ತಾನೆ. ಆದರೆ ಸ್ಪರ್ಧೆಯ ಬೆಳಿಗ್ಗೆ ಅದಕ್ಕೆ ಸಮಯವೂ ಇಲ್ಲ, ವೆಲ್ಡಿಂಗ್ ಮಾಡಲು ಕರೆಂಟೂ ಇಲ್ಲ.

ಬ್ರೇಕ್ ಆಯಿಲ್ ಬಗ್ಗೆ ನಾನು ಹೆಚ್ಚು ಹಟ ಹಿಡಿಯುತ್ತೇನೆ ಎಂಬ ದೂರು ಸ್ಪರ್ಧಿಗಳಲ್ಲಿದೆ, ಅದಕ್ಕೆ ಕಾರಣ ಹೇಳುತ್ತೇನೆ. ಈ ಆಯಿಲ್ ಗಾಳಿಯಲ್ಲಿರುವ ತೇವವನ್ನು ಹೀರಿಕೊಳ್ಳುವಂಥದ್ದು. ಡಾಟ್ 3 ಎಂಬ ದರ್ಜೆಯ ಹೊಸ ಆಯಿಲ್ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ತನಕ ಕುದಿಯದೆ ನಿಲ್ಲಬೇಕು, ತೇವ ಸೇರಿದ ಮೇಲೆ ಆ ಮಟ್ಟ 140ಕ್ಕೆ ಇಳಿಯುತ್ತದೆ. ಡಾಟ್ 4 ಆದರೆ 230ರಿಂದ 155ಕ್ಕೆ. ನಮ್ಮಂತಹ ಮಳೆಯ ಊರಿನಲ್ಲಿ ಎರಡು ಮಳೆಗಾಲ ಕಂಡ ಆಯಿಲನ್ನು ಹಾಗೆಯೇ ಇಟ್ಟುಕೊಂಡು ಗುಡ್ಡದ ರಸ್ತೆಯಲ್ಲಿ ಮತ್ತೆ ಮತ್ತೆ ಬ್ರೇಕ್ ಒತ್ತಿದರೆ ಅದು ಕುದಿದು ಕೊಳವೆಯಲ್ಲಿ ಆವಿ ತುಂಬುತ್ತದೆ, ಪೆಡಲ್ ಸರಕ್ಕನೆ ನೆಲಕ್ಕೆ ಹೋಗುತ್ತದೆ, ಕಾರು ನಿಲ್ಲುವುದಿಲ್ಲ. ಹಿಲ್ ಕ್ಲೈಂಬ್‌ನಲ್ಲಿ ಜನರ ಗಮನವೆಲ್ಲ ಕಾರುಗಳು ಏರುವಾಗ ಇರುತ್ತದೆ. ನನಗೆ ಹೆಚ್ಚು ಭಯವಿರುವುದು ಓಟ ಮುಗಿಸಿದ ಕಾರುಗಳು ಅದೇ ರಸ್ತೆಯಲ್ಲಿ ಸಾಲಾಗಿ ಇಳಿದು ಬರುವಾಗ, ಏಕೆಂದರೆ ಆಗ ಹಗ್ಗ ದಾಟಿ ಜನರು ರಸ್ತೆಗೆ ಬಂದಿರುತ್ತಾರೆ. ಆಯಿಲಿನ ತೇವ ನೋಡುವ ಪೆನ್ನಿನಂತಹ ಉಪಕರಣಕ್ಕೆ ಹೆಚ್ಚು ಬೆಲೆಯೇನೂ ಇಲ್ಲ.

ಉಳಿದವನ್ನು ಬೇಗ ಹೇಳಿ ಮುಗಿಸುತ್ತೇನೆ. ಬ್ಯಾಟರಿಯನ್ನು ಸೈಕಲ್ ಟ್ಯೂಬಿನಿಂದ ಕಟ್ಟಿದ ಜೀಪುಗಳು ಇವೆ. ಅದನ್ನು ಉಕ್ಕಿನ ಪಟ್ಟಿಯಿಂದ ಬಿಗಿಯಬೇಕು, ಪಾಸಿಟಿವ್ ತುದಿಗೆ ಮುಚ್ಚಳ ಬೇಕು, ಹೊರಗಿನಿಂದ ಕೈಗೆ ಸಿಗುವಂತೆ ಕಟ್ ಆಫ್ ಸ್ವಿಚ್ ಬೇಕು, ಮತ್ತು ಆ ಸ್ವಿಚ್ಚಿನ ಹತ್ತಿರ ಬಿಳಿ ಅಂಚಿನ ನೀಲಿ ತ್ರಿಕೋನದಲ್ಲಿ ಕೆಂಪು ಮಿಂಚಿನ ಗುರುತು ಇರಬೇಕು, ಇಲ್ಲದಿದ್ದರೆ ನೆರವಿಗೆ ಓಡಿಬಂದ ಮಾರ್ಷಲ್ (ಮೈದಾನದ ಸುರಕ್ಷತೆ ನೋಡುವವನು) ಅದನ್ನು ಹುಡುಕುವುದರಲ್ಲೇ ಹೊತ್ತು ಕಳೆಯುತ್ತದೆ. ಟೈರಿನ ಪಕ್ಕದಲ್ಲಿ ಒತ್ತಿದ ನಾಲ್ಕು ಅಂಕಿಗಳು ಅದು ತಯಾರಾದ ವಾರವನ್ನೂ ವರ್ಷವನ್ನೂ ಹೇಳುತ್ತವೆ, 2319 ಎಂದಿದ್ದರೆ 2019ರ 23ನೇ ವಾರ. ಟೈರಿನ ಮೈಮೇಲಿನ ತೋಡು ಎಷ್ಟೇ ಆಳವಿರಲಿ, ವರ್ಷಗಟ್ಟಲೆ ಬಿಸಿಲಲ್ಲಿ ನಿಂತು ಬಿರುಕುಬಿಟ್ಟ ರಬ್ಬರನ್ನು ನಂಬಲಾಗದು. ಹೆಲ್ಮೆಟ್ಟಿನ ಮಾತು ಬಂದಾಗ ಎಲ್ಲರೂ ಐಎಸ್‌ಐ ಮುದ್ರೆ ತೋರಿಸುತ್ತಾರೆ. ಐಎಸ್ 4151 ಎಂಬ ಆ ಮಾನದಂಡ ದ್ವಿಚಕ್ರ ಸವಾರರಿಗಾಗಿ ಮಾಡಿದ್ದು. ಕಾರಿನೊಳಗೆ ತಲೆ ಬಡಿಯುವುದು ಕೇಜಿನ ಕೊಳವೆಗೆ, ಮತ್ತು ಅಲ್ಲಿ ಬೆಂಕಿಯ ಅಪಾಯವೂ ಇದೆ. ಸ್ನೆಲ್ ಸಂಸ್ಥೆಯ ಎಸ್‌ಎ ವರ್ಗದ ಹೆಲ್ಮೆಟ್ಟುಗಳನ್ನು ಈ ಎರಡನ್ನೂ ಗಮನದಲ್ಲಿಟ್ಟು ಪರೀಕ್ಷಿಸುತ್ತಾರೆ. ಆ ಸಂಸ್ಥೆ ಹುಟ್ಟಿದ್ದೇ ಹವ್ಯಾಸಿಗಳ ದುಃಖದಿಂದ. ಪೀಟ್ ಸ್ನೆಲ್ ಎಂಬ ಹವ್ಯಾಸಿ ಚಾಲಕ 1956ರಲ್ಲಿ ಸ್ಪರ್ಧೆಯೊಂದರಲ್ಲಿ ತಲೆಗೆ ಪೆಟ್ಟು ಬಿದ್ದು ತೀರಿಕೊಂಡಾಗ, ಅವನ ಗೆಳೆಯರೂ ಜಾರ್ಜ್ ಸ್ನೈವ್ಲಿ ಎಂಬ ವೈದ್ಯರೂ ಸೇರಿ 1957ರಲ್ಲಿ ಅದನ್ನು ಕಟ್ಟಿದರು.

ಇಷ್ಟೆಲ್ಲ ನೋಡಲು ಒಂದು ಕಾರಿಗೆ ಕನಿಷ್ಠ ಅರ್ಧ ಗಂಟೆ ಬೇಕು. ನಲವತ್ತು ಕಾರುಗಳ ಸ್ಪರ್ಧೆಗೆ ಇಬ್ಬರು ತಪಾಸಕರಿದ್ದರೆ ಹತ್ತು ಗಂಟೆಯ ಕೆಲಸ. ನಮಗೆ ಸಿಗುವುದು ಸ್ಪರ್ಧೆಯ ಬೆಳಿಗ್ಗೆ ಏಳರಿಂದ ಒಂಬತ್ತರವರೆಗೆ, ಪೆಂಡಾಲಿನ ಬದಿಯಲ್ಲಿ, ಮೈಕಿನ ಸದ್ದಿನ ನಡುವೆ, ಜಾಕ್ ನಿಲ್ಲದ ಮಣ್ಣಿನ ನೆಲದ ಮೇಲೆ. ಒಂಬತ್ತೂವರೆಗೆ ಉದ್ಘಾಟಕರು ಬರುತ್ತಾರೆ, ಬಾವುಟ ಬೀಸಬೇಕು. ಅಷ್ಟರಲ್ಲಿ ಇಂಜಿನಿನ ಸಿಸಿ ಎಷ್ಟು, ಯಾವ ವರ್ಗದಲ್ಲಿ ಓಡಬೇಕು ಎಂಬ ವಾದಗಳು ಏಳುತ್ತವೆ, ಬಹುಮಾನದ ಹಣ ಅದರ ಮೇಲೆ ನಿಂತಿರುವುದರಿಂದ ಎಲ್ಲರ ಆಸಕ್ತಿಯೂ ಅದರಲ್ಲಿಯೇ. ವರ್ಗದ ವಾದವನ್ನು ಓಟ ಮುಗಿದ ಮೇಲೂ ಬಗೆಹರಿಸಬಹುದು. ತುಕ್ಕು ಹಿಡಿದ ನೆಲವನ್ನು ಓಟ ಮುಗಿದ ಮೇಲೆ ನೋಡಿ ಪ್ರಯೋಜನವಿಲ್ಲ.

ಇದಕ್ಕಿಂತ ದೊಡ್ಡ ಅಡಚಣೆ ದಾಕ್ಷಿಣ್ಯ. ತಪಾಸಕನೂ ಊರಿನವನು, ಸ್ಪರ್ಧಿಯೂ ಊರಿನವನು. ಅವನ ಅಣ್ಣ ನನ್ನ ಗ್ಯಾರೇಜಿನ ಗಿರಾಕಿ, ಅವನ ಮಾವ ಸಹಕಾರಿ ಬ್ಯಾಂಕಿನ ನಿರ್ದೇಶಕ, ಅವನ ಕಾರಿನ ಮೇಲೆ ಹೆಸರು ಬರೆಸಿದ ಅಂಗಡಿಯೇ ಸ್ಪರ್ಧೆಯ ಟ್ರೋಫಿಯನ್ನೂ ಕೊಟ್ಟಿದೆ. ಇಂತಹ ಸಂಬಂಧಗಳ ನಡುವೆ ನಿಂತು ‘ಈ ಕಾರು ಬೇಡ’ ಎಂದು ಹೇಳುವವನಿಗೆ ಹಿಂದೆ ಯಾವುದಾದರೂ ಬಲ ಇರಬೇಕು. ಈಗ ಏನೂ ಇಲ್ಲ. ಒಂದು ಪ್ರಸಂಗವನ್ನು ಹೇಳುತ್ತೇನೆ, ಊರಿನ ಮತ್ತು ಸಂಘಟಕರ ಹೆಸರು ಹೇಳುವುದು ನನ್ನ ಉದ್ದೇಶವಲ್ಲ. ಪದವಿನಲ್ಲಿ ನಡೆದ ಆಟೋಕ್ರಾಸಿಗೆ ಬಂದ ಕಾರೊಂದರ ಎಡಗಡೆಯ ಮುಂದಿನ ಚಕ್ರವನ್ನು ಜಾಕ್ ಮೇಲೆ ಎತ್ತಿ, ಮೇಲೊಂದು ಕೈ ಕೆಳಗೊಂದು ಕೈ ಹಿಡಿದು ಅಲುಗಿಸಿದಾಗ ಚಕ್ರವನ್ನು ಕೆಳಗಿನಿಂದ ಹಿಡಿದಿಡುವ ಲೋವರ್ ಆರ್ಮಿನ ಬಾಲ್ ಜಾಯಿಂಟ್ ಟಕ್ ಟಕ್ ಎಂದಿತು. ರಬ್ಬರಿನ ಹೊದಿಕೆ ಹರಿದು ಗ್ರೀಸಿನ ಬದಲು ಕೆಮ್ಮಣ್ಣು ತುಂಬಿತ್ತು. ನಾವು ಇಬ್ಬರು ತಪಾಸಕರೂ ಹಾಳೆಯಲ್ಲಿ ‘ತಿರಸ್ಕೃತ’ ಎಂದು ಬರೆದು ಸಹಿ ಹಾಕಿದೆವು. ಸ್ವಲ್ಪ ಹೊತ್ತಿನಲ್ಲಿ ಒಂದು ಫೋನ್ ಬಂತು, ಸಂಘಟಕರು ಬಂದು ‘ಸ್ಪರ್ಧೆಗಲ್ಲ, ಬರೀ ಪ್ರದರ್ಶನದ ಓಟ’ ಎಂದರು, ನಮ್ಮ ಹಾಳೆಯನ್ನು ಮಡಚಿ ಕಿಸೆಗೆ ಹಾಕಿಕೊಂಡರು. ಓಡುತ್ತಿರುವಾಗ ಚಕ್ರ ಒಳಕ್ಕೆ ಮಡಚಿತು, ಕಾರು ಹಗ್ಗವನ್ನು ಕಡಿದುಕೊಂಡು ಹೋಗಿ ಅಟ್ಟಿ ಇಟ್ಟ ಕೆಂಪುಕಲ್ಲಿಗೆ ಬಡಿದು ನಿಂತಿತು. ಊಟದ ಹೊತ್ತಾದ್ದರಿಂದ ಆ ಮೂಲೆಯ ಜನರು ನೆರಳಿಗೆ ಹೋಗಿದ್ದರು. ಯಾರಿಗೂ ಏನೂ ಆಗಲಿಲ್ಲ ಎಂಬ ಕಾರಣಕ್ಕೆ ಎಲ್ಲಿಯೂ ಏನೂ ದಾಖಲಾಗಲಿಲ್ಲ. ಸ್ಪರ್ಧಿಯು ಅಪಾಯವನ್ನು ಒಪ್ಪಿ ಕಾಗದಕ್ಕೆ ಸಹಿ ಹಾಕಿರುತ್ತಾನೆ, ಆ ಮೂಲೆಯಲ್ಲಿ ನಿಂತು ನೋಡುವ ಜನ ಯಾವ ಕಾಗದಕ್ಕೂ ಸಹಿ ಹಾಕಿದವರಲ್ಲ.

ಈ ಮಾತು ಹೊಸದೂ ಅಲ್ಲ. ಇಟಲಿಯಲ್ಲಿ 1927ರಿಂದ ಸಾರ್ವಜನಿಕ ರಸ್ತೆಗಳಲ್ಲಿ ನಡೆಯುತ್ತಿದ್ದ ಮಿಲ್ಲೆ ಮಿಲ್ಯಾ ಎಂಬ ಪ್ರಸಿದ್ಧ ಓಟ 1957ರ ಮೇ 12ರಂದು ಕೊನೆಯಾದದ್ದು ಒಂದು ಟೈರಿನಿಂದ. ಗುಯ್ಡಿಟ್ಸೋಲೊ ಎಂಬ ಊರಿನ ಬಳಿ ಆಲ್ಫೊನ್ಸೊ ದೆ ಪೋರ್ತಾಗೊ ಓಡಿಸುತ್ತಿದ್ದ ಫೆರಾರಿಯ ಟೈರು ಸಿಡಿದು, ಅವರೂ ಅವರ ಜೊತೆಗಾರರೂ, ರಸ್ತೆ ಬದಿಯಲ್ಲಿ ನಿಂತಿದ್ದ ಒಂಬತ್ತು ಮಂದಿ ಪ್ರೇಕ್ಷಕರೂ ಸತ್ತರು. ಆ ಒಂಬತ್ತರಲ್ಲಿ ಐವರು ಮಕ್ಕಳು. ಜಗತ್ತಿನ ಅತ್ಯುತ್ತಮ ಕಾರುಗಳೂ ಅತ್ಯುತ್ತಮ ಮೆಕ್ಯಾನಿಕರೂ ಇದ್ದಲ್ಲಿ ಹೀಗಾಯಿತು. ನಮ್ಮ ಕಾರುಗಳು ಊರಿನ ವೆಲ್ಡಿಂಗ್ ಶಾಪಿನಲ್ಲಿ ತಯಾರಾದವು, ಮತ್ತು ನಮ್ಮಲ್ಲಿ ತಲೆಗೆ ತೀವ್ರ ಪೆಟ್ಟಾದವರನ್ನು ಹೆಚ್ಚಾಗಿ ಮಂಗಳೂರಿಗೆ ಒಯ್ಯುತ್ತಾರೆ. ವೆಳ್ಳರಿಕುಂಡು ಕಡೆಯ ಗುಡ್ಡದಿಂದ ಅದು ಎರಡು ಗಂಟೆಗೂ ಮಿಕ್ಕಿದ ದಾರಿ. ಆ ದಾರಿಯ ಬೆಲೆ ಏನೆಂದು 2020ರಲ್ಲಿ ಕೋವಿಡ್ ಕಾಲದಲ್ಲಿ ಮಂಗಳೂರು ದಾರಿಯ ತಲಪಾಡಿಯ ಗಡಿ ಮುಚ್ಚಿ ರೋಗಿಗಳು ಅತ್ತ ಹೋಗಲಾಗದಾದಾಗ ಈ ಜಿಲ್ಲೆಯ ಜನರಿಗೆ ಚೆನ್ನಾಗಿ ಗೊತ್ತಾಗಿದೆ.

ಹವ್ಯಾಸಿಗಳ ಸ್ಪರ್ಧೆಯನ್ನು ಸ್ವಯಂಸೇವಕರೇ ಶಿಸ್ತಿನಿಂದ ನಡೆಸಬಹುದು ಎಂಬುದಕ್ಕೆ ನಿದರ್ಶನಗಳಿವೆ. ಅಮೆರಿಕದಲ್ಲಿ 1944ರಲ್ಲಿ ಆರಂಭವಾದ ಎಸ್‌ಸಿಸಿಎ ಎಂಬ ಕ್ಲಬ್ಬಿನ ಸ್ಪರ್ಧೆಗಳಲ್ಲಿ ತಪಾಸಕರೂ ಮಾರ್ಷಲರೂ ಬಹುಪಾಲು ಸ್ವಯಂಸೇವಕರು. ಅಲ್ಲಿನ ಕ್ರಮಗಳಲ್ಲಿ ನಮಗೆ ಅತ್ಯಂತ ಉಪಯುಕ್ತವಾದದ್ದು ಲಾಗ್‌ಬುಕ್. ಟ್ರ್ಯಾಕಿನ ಓಟಕ್ಕಿಳಿಯುವ ಪ್ರತಿಯೊಂದು ಕಾರಿಗೂ ಒಂದು ಪುಸ್ತಕವಿರುತ್ತದೆ; ತಪಾಸಕರು ಕಂಡ ದೋಷಗಳನ್ನೂ ಅಪಘಾತದ ಪೆಟ್ಟುಗಳನ್ನೂ ಅದರಲ್ಲಿ ಬರೆಯುತ್ತಾರೆ, ಗಂಭೀರ ದೋಷವಿದ್ದರೆ ದುರಸ್ತಿಯಾಗಿ ತಪಾಸಕರ ಸಹಿ ಬೀಳುವವರೆಗೆ ಆ ಕಾರು ಓಡುವಂತಿಲ್ಲ. ನಮ್ಮ ಜಿಲ್ಲೆಗೆ ಇದು ಎಷ್ಟು ಅಗತ್ಯ ಎಂಬುದನ್ನು ಗಡಿಯಲ್ಲಿರುವವರು ಬೇಗ ಅರ್ಥಮಾಡಿಕೊಳ್ಳುತ್ತಾರೆ. ಕೆಎಲ್ 14ರ ಕಾರು ಈ ಭಾನುವಾರ ಪೈವಳಿಕೆಯಲ್ಲಿ ಓಡಿದರೆ ಮುಂದಿನ ಭಾನುವಾರ ಗಡಿ ದಾಟಿ ಸುಳ್ಯದ ಕಡೆ ಓಡುತ್ತದೆ. ಕೆಎ 19, ಕೆಎ 21ರ ಕಾರುಗಳು ಅಲ್ಲಿಂದ ಇಲ್ಲಿಗೆ ಬರುತ್ತವೆ. ಒಂದು ಕಡೆ ತಿರಸ್ಕೃತವಾದ ಕಾರು, ಒಂದು ಕಡೆ ಮಗುಚಿ ಬಿದ್ದು ಬಣ್ಣ ಬಳಿಸಿಕೊಂಡ ಕೇಜ್, ಇನ್ನೊಂದು ಕಡೆ ಏನೂ ಆಗದಂತೆ ಬಂದು ನಿಲ್ಲುತ್ತದೆ. ಎರಡೂ ರಾಜ್ಯಗಳ ಅಧಿಕಾರಿಗಳ ನಡುವೆ ಒಪ್ಪಂದವಾಗುವವರೆಗೆ ಕಾಯಬೇಕಾಗಿಲ್ಲ. ಪುಸ್ತಕ ಕಾರಿನ ಜೊತೆ ಹೋಗುತ್ತದೆ, ಪುಸ್ತಕವಿಲ್ಲದ ಕಾರನ್ನು ಓಡಲು ಬಿಡುವುದಿಲ್ಲವೆಂದು ಎರಡೂ ಕಡೆಯ ಕ್ಲಬ್ಬುಗಳು ಒಪ್ಪಿದರೆ ಆಯಿತು. ಆ ಪುಸ್ತಕ ಮಲಯಾಳ, ಕನ್ನಡ ಎರಡರಲ್ಲೂ ಇರಬೇಕು. ಎಣ್ಮಕಜೆಯ ಹುಡುಗ ತನ್ನ ಕಾರಿನ ದೋಷವನ್ನು ತಾನೇ ಓದಿ ತಿಳಿದುಕೊಳ್ಳುವಂತಿರಬೇಕು.

ಸ್ಪರ್ಧೆಗೆಂದು ಬದಲಾಯಿಸಿದ ಕಾರನ್ನು ಮನೆಯಿಂದ ಓಡಿಸಿಕೊಂಡೇ ಬರುವ ರೂಢಿಯ ಬಗ್ಗೆಯೂ ಒಂದು ಮಾತು ಹೇಳಬೇಕು. ಕಾಯ್ದೆಯ 52ನೇ ಸೆಕ್ಷನ್ ಬಗ್ಗೆ ಕೇರಳದಿಂದಲೇ ಹೋದ ಪ್ರಕರಣದಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಯಾರಕರ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ ಎಂದು ಸ್ಪಷ್ಟಪಡಿಸಿದೆ. ಸೀಟು ಕಿತ್ತು ಕೇಜ್ ಹಾಕಿದ ಕಾರು ಲಾರಿಯ ಮೇಲೆ ಬರಬೇಕೇ ಹೊರತು ಚೆರ್ಕಳದ ವೃತ್ತ ದಾಟಿ ಓಡಿಬರಬಾರದು. ಇದನ್ನು ಸಂಘಟಕರು ಪ್ರವೇಶಪತ್ರದಲ್ಲಿಯೇ ಮುದ್ರಿಸಬೇಕು.

ಇಷ್ಟು ಕಟ್ಟುನಿಟ್ಟು ಮಾಡಿದರೆ ಊರಿನ ಸ್ಪರ್ಧೆಗಳೇ ನಿಂತುಹೋಗುತ್ತವೆ, ಬಡ ಹುಡುಗರಿಗೆ ಅವಕಾಶ ಇಲ್ಲದಾಗುತ್ತದೆ ಎಂದು ಸಂಘಟಕ ಮಿತ್ರರು ಹೇಳುತ್ತಾರೆ. ಅವರ ಆತಂಕವನ್ನು ನಾನು ಹಗುರವಾಗಿ ಕಾಣುವುದಿಲ್ಲ, ಏಕೆಂದರೆ ಈ ಸ್ಪರ್ಧೆಗಳು ನಿಲ್ಲಬಾರದು ಎಂಬುದು ನನ್ನ ಆಸೆಯೂ ಹೌದು. ಮುಚ್ಚಿದ ಮೈದಾನದಲ್ಲಿ ಓಡಲು ಅವಕಾಶ ಸಿಗದ ಹುಡುಗ ರಾತ್ರಿ ಹನ್ನೊಂದರ ನಂತರ ಅಗಲವಾದ ಹೆದ್ದಾರಿಗೆ ಇಳಿಯುತ್ತಾನೆ, ಅಲ್ಲಿ ಎದುರು ಬರುವವರು ಆಸ್ಪತ್ರೆಗೆ ಹೋಗುವವರು, ಮೀನಿನ ಲಾರಿಯವರು. ಆದ್ದರಿಂದ ನಿಷೇಧ ಬೇಡ. ಎಫ್‌ಐಎಯ ಪೂರ್ತಿ ನಿಯಮಾವಳಿಯನ್ನು ಪದವಿನ ಆಟೋಕ್ರಾಸಿಗೆ ಹೇರಬೇಕೆಂದೂ ನಾನು ಹೇಳುತ್ತಿಲ್ಲ. ತಲೆ ಮತ್ತು ಕುತ್ತಿಗೆಯನ್ನು ಹಿಡಿಯುವ ಎಫ್‌ಎಚ್‌ಆರ್ ಸಾಧನವನ್ನು ಎಲ್ಲರೂ ಈ ವರ್ಷವೇ ಕೊಳ್ಳಲಾರರು ಎಂಬುದು ನನಗೆ ಗೊತ್ತು. ಆದರೆ ನೆಲದ ತಗಡು, ಕೇಜಿನ ಕಾಲು, ಬೆಲ್ಟಿನ ಕೋನ, ಬಾಲ್ ಜಾಯಿಂಟ್, ಬ್ರೇಕ್ ಆಯಿಲ್, ಬ್ಯಾಟರಿ ಇವುಗಳನ್ನು ಸರಿಮಾಡಲು ಬೇಕಾದದ್ದು ಕೆಲವು ಸಾವಿರ ರೂಪಾಯಿ ಮತ್ತು ಒಂದು ವಾರದ ಸಮಯ. ಆ ಸಮಯ ಸಿಗಬೇಕಾದರೆ ತಪಾಸಣೆ ಸ್ಪರ್ಧೆಗೆ ಒಂದು ವಾರ ಮೊದಲು ಊರಿನ ಗ್ಯಾರೇಜಿನಲ್ಲಿ ನಡೆಯಬೇಕು, ಸ್ಪರ್ಧೆಯ ಬೆಳಿಗ್ಗೆ ಮರುನೋಟ ಮಾತ್ರ ಇರಬೇಕು.

ತಪಾಸಣೆಯಾದ ಕಾರು ಅಪಘಾತಕ್ಕೆ ಸಿಕ್ಕುವುದೇ ಇಲ್ಲ ಎಂದು ಯಾರೂ ಭರವಸೆ ಕೊಡಲಾರರು. ಕಾರನ್ನು ತಪಾಸಣೆಗೆ ತಂದು ನಿಲ್ಲಿಸುವುದೆಂದರೆ ಅದು ನಿಯಮಕ್ಕೆ ಸರಿಯಾಗಿದೆ ಎಂದು ಸ್ಪರ್ಧಿ ತಾನೇ ಹೇಳಿದಂತೆ ಎಂಬುದು ಎಫ್‌ಐಎ ಸಂಹಿತೆಯ ತತ್ವ. ಮೊದಲ ಹೊಣೆ ಸ್ಪರ್ಧಿಯದೇ. ಹೀಗಿರುವಾಗ, ಪ್ರಾಮಾಣಿಕವಾಗಿ ನೋಡಿ ಸಹಿ ಹಾಕಿದ ಸ್ವಯಂಸೇವಕನನ್ನು ಅಪಘಾತದ ಮರುದಿನ ಠಾಣೆಯ ಬೆಂಚಿನ ಮೇಲೆ ಕೂರಿಸಿದರೆ ಮುಂದೆ ಬಲ್ಲವರು ಯಾರೂ ಈ ಕೆಲಸಕ್ಕೆ ಬರುವುದಿಲ್ಲ. ತಪಾಸಕನ ಹೊಣೆ ಎಲ್ಲಿಂದ ಎಲ್ಲಿಯವರೆಗೆ ಎಂಬುದನ್ನು ಅನುಮತಿ ಪತ್ರದಲ್ಲಿ ಬರೆದಿಡಿ. ಅವನು ನೋಡಬೇಕಾದ ಅಂಶಗಳ ಪಟ್ಟಿ ಇರಲಿ, ಅದನ್ನು ನೋಡದೆ ಸಹಿ ಹಾಕಿದರೆ ಅವನನ್ನೂ ಪ್ರಶ್ನಿಸಿ.

ಹೊಸಬರನ್ನು ತರಬೇತುಗೊಳಿಸಲು ಜಿಲ್ಲೆಯಲ್ಲಿ ಸೌಲಭ್ಯಕ್ಕೆ ಕೊರತೆಯಿಲ್ಲ. ಪೊವ್ವಲಿನಲ್ಲಿ ಎಲ್‌ಬಿಎಸ್ ಇಂಜಿನಿಯರಿಂಗ್ ಕಾಲೇಜಿದೆ, ಐಟಿಐಗಳಿವೆ, ನಿವೃತ್ತ ಫೋರ್‌ಮನ್‌ಗಳು ಪ್ರತಿ ಪೇಟೆಯಲ್ಲೂ ಇದ್ದಾರೆ. ರಾಷ್ಟ್ರೀಯ ಸ್ಪರ್ಧೆಗಳಲ್ಲಿ ಕೆಲಸ ಮಾಡಿದ ತಪಾಸಕರನ್ನು ಮಂಗಳೂರಿನಿಂದಲೋ ಕೊಯಮತ್ತೂರಿನಿಂದಲೋ ಎರಡು ದಿನಕ್ಕೆ ಕರೆಸಿ, ಒಂದು ಒಳ್ಳೆಯ ಕಾರನ್ನೂ ಒಂದು ಕೆಟ್ಟ ಕಾರನ್ನೂ ಅಕ್ಕಪಕ್ಕ ನಿಲ್ಲಿಸಿ ತೋರಿಸಿದರೆ ಹುಡುಗರು ಬೇಗ ಕಲಿಯುತ್ತಾರೆ. ಜಾಕ್ ಸ್ಟ್ಯಾಂಡು, ಟಾರ್ಕ್ ರೆಂಚು, ಟಾರ್ಚು, ಕನ್ನಡಿ, ತೇವ ಅಳೆಯುವ ಪೆನ್ನು, ಇಷ್ಟಿರುವ ಒಂದು ಪೆಟ್ಟಿಗೆಯನ್ನು ಕ್ಲಬ್ಬುಗಳು ಸೇರಿ ಕೊಂಡರೆ ಜಿಲ್ಲೆಯ ಎಲ್ಲ ಸ್ಪರ್ಧೆಗಳಿಗೂ ಸಾಕು. ತಪಾಸಕರಿಗೆ ಸಂಬಳ ಬೇಡ. ಬಸ್ಸಿನ ಖರ್ಚು, ಮಧ್ಯಾಹ್ನದ ಊಟ, ಮತ್ತು ಸಹಿಗೆ ಬೆಲೆ, ಇಷ್ಟು ಸಿಕ್ಕಿದರೆ ಬರುವವರಿದ್ದಾರೆ.

ಆದ್ದರಿಂದ ಮುಂದಿನ ಕಾಲ ಆರಂಭವಾಗುವ ಮೊದಲು, 189ನೇ ಸೆಕ್ಷನ್ನಿನ ಒಪ್ಪಿಗೆಗಾಗಲಿ ಖಾಸಗಿ ಜಾಗದ ಸ್ಪರ್ಧೆಯ ಅನುಮತಿಗಾಗಲಿ ಬರುವ ಪ್ರತಿ ಅರ್ಜಿಯಲ್ಲಿ ಮುಖ್ಯ ತಪಾಸಕನ ಹೆಸರು ಮತ್ತು ಒಪ್ಪಿಗೆಯ ಸಹಿ ಇರುವಂತೆ, ತಿರಸ್ಕೃತ ಕಾರುಗಳ ಪಟ್ಟಿಯ ಒಂದು ಪ್ರತಿ ಸ್ಪರ್ಧೆ ಆರಂಭವಾಗುವ ಮೊದಲೇ ಸ್ಥಳದಲ್ಲಿರುವ ಪೊಲೀಸ್ ಅಧಿಕಾರಿಯ ಕೈ ಸೇರುವಂತೆ, ಆ ಪಟ್ಟಿಯ ಕಾರು ಪ್ರದರ್ಶನದ ಹೆಸರಿನಲ್ಲಿಯೂ ಮೈದಾನಕ್ಕೆ ಇಳಿದರೆ ಅನುಮತಿ ಅಲ್ಲಿಗೇ ರದ್ದಾಗುವಂತೆ ಆದೇಶ ಹೊರಡಿಸಬೇಕೆಂದು ಜಿಲ್ಲಾಧಿಕಾರಿಗಳನ್ನು ವಿನಂತಿಸುತ್ತೇನೆ. ಅದಕ್ಕೆ ಮೊದಲು ಮಳೆಗಾಲದಲ್ಲಿಯೇ, ಎಲ್ಲರಿಗೂ ಬಿಡುವಿರುವಾಗ, ಕ್ಲಬ್ಬುಗಳನ್ನೂ ಮೋಟಾರು ವಾಹನ ಇಲಾಖೆಯನ್ನೂ ಒಂದು ಸಭೆಗೆ ಕರೆಯಿರಿ. ತಪಾಸಣೆಯ ಹಾಳೆಯ ಕರಡನ್ನು ಕನ್ನಡದಲ್ಲಿಯೂ ಮಲಯಾಳದಲ್ಲಿಯೂ ಸಿದ್ಧಪಡಿಸಿ ಸಭೆಗೆ ತರುವ ಕೆಲಸ ನನ್ನದು. ಅಧಿಕಾರಿಗಳು ಬಯಸಿದರೆ ಒಂದು ಕಾರನ್ನು ಎತ್ತಿ ನಿಲ್ಲಿಸಿ, ಮೇಲೆ ಹೇಳಿದ ಒಂದೊಂದು ಜಾಗವನ್ನೂ ಕೈಯಿಂದ ಮುಟ್ಟಿ ನೋಡುವಂತೆ ತೋರಿಸುವುದಕ್ಕೆ ನನ್ನ ಗ್ಯಾರೇಜಿನ ಜಾಗ ಯಾವ ದಿನಕ್ಕೂ ತೆರೆದಿದೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಸ್ವಯಂಸೇವಕ ತಪಾಸಕ
ಬದಿಯಡ್ಕ, ಕಾಸರಗೋಡು ಜಿಲ್ಲೆ